ಮರಿಗಳ ಕೆಳಗೆ ಹಾಸಿದ್ದು

ಗಂಡನ ಮನೆ ಬಿಟ್ಟು ಇಳಕಲ್ಲಿಗೆ ಬಂದ ಪ್ರೀತಿಗೆ ಅಣ್ಣ ಬಾಬಣ್ಣ ಒಂದು ಷರತ್ತು ಹಾಕಿದ್ದ. ಕೋಳಿಮರಿ ಸಾಕಿ ತನ್ನ ಅನ್ನ ತಾನೇ ದುಡಿದುಕೊಂಡರೆ ತವರಿನಲ್ಲಿ ಇರಬಹುದು. ಇಲ್ಲದಿದ್ದರೆ ಬಾದಾಮಿಗೆ, ಬೆಲ್ಟು ಬಿಚ್ಚಿ ಹೊಡೆಯುವ ಗಂಡನ ಹತ್ತಿರ ವಾಪಸು. ಹೊಡೆತ ತಿಂದವಳಿಗೆ ಪರೀಕ್ಷೆ, ಹೊಡೆದವನಿಗೆ ಏನೂ ಇಲ್ಲ. ಪಕ್ಕದ ಮನೆಯವಳಾದ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಮಗ್ಗದ ಕೋಣೆಯ ಮೂಲೆಯಲ್ಲಿ ಪ್ರೀತಿ ತಗಡು ಸುತ್ತಿ, ಬಲ್ಬು ಇಳಿಬಿಟ್ಟು, ಮರಿಗಳಿಗೆ ಬೆಚ್ಚನೆಯ ಜಾಗ ಮಾಡಿದಳು. ಕೆಳಗೇನು ಹಾಸುವುದು ಎಂಬುದೇ ತಲೆನೋವಾಯಿತು. ಪೇಪರಿನ ಮೇಲೆ ಕಾಲು ಜಾರಿ ಮರಿಗಳು ಕುಂಟಾಗುತ್ತವೆ. ಕಟ್ಟಿಗೆ ಕೊಯ್ದ ಸಣ್ಣ ಪುಡಿಯನ್ನು ಕಾಳೆಂದು ತಿನ್ನುತ್ತವೆ. ಮರಿ ಮಾರಿದ ಇಮಾಮಹುಸೇನ, "ಭತ್ತದ ಹೊಟ್ಟು ಹಾಸವ್ವಾ, ಬ್ಯಾರೆ ಏನೂ ಬ್ಯಾಡ" ಎಂದಿದ್ದ. ಅವಳು ಅದನ್ನೇ ಹಾಸಿದಳು.

ತಾಯಿ ಸಾವಂತ್ರವ್ವ ಹೊಟ್ಟನ್ನು ಅಂಗೈಯಲ್ಲಿ ಉಜ್ಜಿ ನೋಡಿದಳು.

"ಚುಚ್ಚತೈತಲ್ಲವ್ವಾ. ಎಳೀ ಕಾಲು ಅವು."

"ಇರ್ಲಿ ಬಿಡಬೇ. ತಿಳದವ್ರು ಹೇಳ್ಯಾರ."

ಮರುದಿನ ಪ್ರೀತಿ ಮರಿಗಳ ಔಷಧ ತರಲು ಹುನಗುಂದಕ್ಕೆ ಹೋದಳು. ಸಾವಂತ್ರವ್ವನ ಜೀವ ತಡೆಯಲಿಲ್ಲ. ಹೊಟ್ಟನ್ನೆಲ್ಲ ಗುಡಿಸಿ ತೆಗೆದು, ಮಗ್ಗದ ಕೆಳಗೆ ಕೂಡಿಟ್ಟಿದ್ದ ರೇಷ್ಮೆ, ನೂಲಿನ ತುಂಡೆಳೆಗಳನ್ನು ದಪ್ಪಗೆ ಹರಡಿದಳು. ನೇಕಾರರ ಮನೆಯಲ್ಲಿ ಅದಕ್ಕಿಂತ ಮೆತ್ತಗಿನದು ಯಾವುದಿದೆ? ಆ ಮನೆಯ ಕೂಸುಗಳೆಲ್ಲ ಅದೇ ನೂಲು ತುಂಬಿದ ದಿಂಬಿನ ಮೇಲೆ ಮಲಗಿ ಬೆಳೆದಿದ್ದವು. ಮರಿ ಸುಖವಾಗಿದ್ದರೆ ಮಗಳು ಉಳಿಯುತ್ತಾಳೆ ಎಂಬುದಷ್ಟೇ ಅವಳ ಲೆಕ್ಕ.

ಮರಿಗಳು ಕೆದರುತ್ತವೆ, ಸಿಕ್ಕಿದ್ದನ್ನು ಕುಕ್ಕುತ್ತವೆ. ಸಂಜೆ ಪ್ರೀತಿ ಬರುವಷ್ಟರಲ್ಲಿ ಎಳೆಗಳು ಕಾಲಿಗೆ ಸುತ್ತಿ, ಎಳೆದಷ್ಟೂ ಬಿಗಿದು, ಪಾದಗಳು ಕಪ್ಪಾಗಿದ್ದವು. ಒಂದಕ್ಕೊಂದು ಸಿಕ್ಕಿಕೊಂಡ ಮರಿಗಳು ಸತ್ತವನ್ನು ಎಳೆದುಕೊಂಡೇ ಒದ್ದಾಡುತ್ತಿದ್ದವು. ನೂಲು ನುಂಗಿದ ಮರಿಗಳು ಬಾಯಿ ತೆರೆದು ಬಿದ್ದಿದ್ದವು. ಸಾವಂತ್ರವ್ವ ಗಂಟು ಬಿಡಿಸುತ್ತ ಕೂತಿದ್ದಳು. ಗದ್ದಲ ಕೇಳಿ ಬಂದ ನಾನೂ ಅವಳ ಪಕ್ಕ ಕೂತು ಬಿಡಿಸತೊಡಗಿದೆ.

ಬಾಬಣ್ಣ ಬಾಗಿಲಲ್ಲೇ ನಿಂತು ನೋಡಿದ.

"ಸಾಕ್ ಮಾಡು. ನಾಳೆ ಬಾದಾಮಿಗೆ ನಡಿ."

"ನಾ ಹಾಸೀನೋ ಅದನ್ನ! ಆಕೀದೇನು ತಪ್ಪು?" ತಾಯಿ ಕೂಗಿದಳು.

"ಯಾರು ಹಾಸಿದ್ರೇನು? ಮರಿ ಸತ್ತಾವಿಲ್ಲೋ?" ಎಂದು ಅವನು ಹೊರಟುಹೋದ.

ಪ್ರೀತಿ ಕತ್ತರಿ ಹಿಡಿದು, ಜೀವವಿದ್ದ ಮರಿಗಳ ಕಾಲಿನ ಎಳೆ ಕತ್ತರಿಸತೊಡಗಿದಳು.

"ಬೈಯವ್ವಾ ನನಗ. ಒಂದ್ ಮಾತರ ಬೈ," ತಾಯಿ ಅಂಗಲಾಚಿದಳು.

ಪ್ರೀತಿ ತಲೆಯೆತ್ತಲಿಲ್ಲ. "ಬಾದಾಮಿಯವನಿಗೆ ನನ್ನ ಕೊಡುವಾಗೂ ಮನಿ ಚಲೋ ಐತಿ, ಮಗಳು ಸುಖದಿಂದ ಇರ್ತಾಳ ಅಂತನ ಕೊಟ್ಟಿದ್ದಿ. ಅವತ್ತೂ ಬೈಲಿಲ್ಲ ಯವ್ವಾ. ಇವತ್ತೂ ಬೈಯಾಂಗಿಲ್ಲ."

ಮರುದಿನ ಅವಳನ್ನು ಬಾದಾಮಿ ಬಸ್ಸಿಗೆ ಹತ್ತಿಸಿದವಳು ಸಾವಂತ್ರವ್ವನೇ. ಬಾಬಣ್ಣನಿಗೆ ಪುರುಸೊತ್ತಿರಲಿಲ್ಲ.