ಊರವನಾಗಲು ಬೇಕಾದ ಬೇನೆ

ಹಿಂದಿನ ವರ್ಷ ನರಗುಂದದ ಕೋಟೆ ಬಿದ್ದಿತ್ತು. ದೇಶದಲ್ಲಿ ಕಂಪನಿ ಹೋಗಿ ರಾಣಿ ಬಂದಿದ್ದಳು. ಇಂಥ ಚಿಲ್ಲರೆ ಸಂಗತಿಗಳಿಗೆಲ್ಲ ಸಭೆ ಸೇರುವವರಲ್ಲ ಗಜೇಂದ್ರಗಡದ ಹಿರಿಯರು. ಅವರು ಹೊಸ ರುಮಾಲು ಸುತ್ತಿಕೊಂಡು ಚಾವಡಿಯಲ್ಲಿ ಕೂತದ್ದು ಮೊಣಕಾಲುದ್ದದ ಒಂದು ಕುಣಿಯ ಸಲುವಾಗಿ.

ಕುಣಿ ಬೇಕಾಗಿದ್ದುದು ವೀರಪ್ಪನಿಗೆ. ನರಗುಂದದ ಗದ್ದಲದಲ್ಲಿ ಮನೆ ಕಳೆದುಕೊಂಡು, ಬಿಚ್ಚಿದ ಮಗ್ಗವನ್ನು ಎತ್ತಿನ ಮೇಲೆ ಹೇರಿಕೊಂಡು, ಹೆಂಡತಿ ಸುಶೀಲವ್ವನೊಡನೆ ಬಂದ ನೇಕಾರ ಆತ. ಕಾಲು ಇಳಿಬಿಟ್ಟು ತುಳಿಯಲು ನೆಲದಲ್ಲಿ ಕುಣಿ ಇಲ್ಲದೆ ಮಗ್ಗ ನಡೆಯದು. ಮಗ್ಗ ನಡೆಯದೆ ಒಲೆ ಹೊತ್ತದು. ಆದರೆ ಊರ ನೆಲ ಅಗೆಯುವ ಹಕ್ಕು ಊರವನಿಗೆ ಮಾತ್ರ. ಊರವನಾಗಬೇಕಾದರೆ ಊರ ಜವಾಬ್ದಾರಿಗಳು ಗೊತ್ತಿರಬೇಕು. ಗೊತ್ತೋ ಇಲ್ಲವೋ ಎಂದು ಪರೀಕ್ಷಿಸುವವರು, ಆ ಜವಾಬ್ದಾರಿಗಳು ಸವೆದುಹೋದಾವೆಂದು ಹುಟ್ಟಿದಾಗಿನಿಂದ ಕೈಯಿಂದ ಮುಟ್ಟದೆ ಕಾಪಾಡಿಕೊಂಡು ಬಂದ ಈ ಹಿರಿಯರು.

ಗೌಡ ಅಂದಾನೆಪ್ಪ ಗಂಟಲು ಸರಿಮಾಡಿಕೊಂಡ. “ಹೊಂಡದ ಹೂಳು ಎತ್ತಾಕ ಮನಿಗೊಬ್ಬರು ಬರ್ರಿ ಅಂತ ವರ್ಷಾ ಡಂಗುರಾ ಹೊಡಸ್ತೀವಿ. ಆವತ್ತ ನೀ ಏನ್ ಮಾಡ್ತಿ?”

“ಬುಟ್ಟಿ, ಸಲಿಕಿ ತಗೊಂಡು ಬರ್ತೀನ್ರಿ.”

ಚಾವಡಿಗೆ ಚಾವಡಿಯೇ ನಕ್ಕಿತು. ಕಾಳಿನ ವ್ಯಾಪಾರಿ ತೋಟಪ್ಪನಿಗೆ ಬಾಯಲ್ಲಿದ್ದ ಅಡಿಕೆ ಗಂಟಲಿಗೆ ಹೋಯಿತು. “ಖರೇನ ಬರ್ತಾನಂತ ನೋಡ್ರಿಪಾ! ಇವತ್ತ ಇಂವಾ ಬಂದ್ರ, ನಾಳೆ ನಮ್ಮನ್ನೂ ಬರ್ರಿ ಅಂತಾರ.”

“ಊರ ರೀತಿ ಗೊತ್ತಿಲ್ಲ ಇವಗ,” ಎಂದು ಗೌಡ ತೀರ್ಪಿತ್ತ. “ಕಲತು ಬರೋ ಸೋಮವಾರ ಬಾ.”

ಸುಶೀಲವ್ವ ನೀರಿಗೆ ಹೋದಾಗ ಹೊಂಡದ ಮೆಟ್ಟಿಲ ಮೇಲೆ ಗೌಡನ ಹೆಂಡತಿ ರೇಣುಕವ್ವ ಸಿಕ್ಕಳು. ಕೊಡಕ್ಕೆ ಬಂದದ್ದರಲ್ಲಿ ನೀರಿಗಿಂತ ಕೆಸರೇ ಹೆಚ್ಚು. ಅದನ್ನು ಸೆರಗಿನಲ್ಲಿ ಸೋಸುತ್ತ ರೇಣುಕವ್ವ ಅಂದಳು: “ಹೂಳು ಎತ್ತೋ ದಿನಾ ನಮ್ಮನಿಯವರಿಗೆ ಸ್ವಂಟಾ ಹಿಡಿತೈತಿ ನಮ್ಮವ್ವಾ. ಅವರಪ್ಪಗೂ ಹಿಡಿತಿತ್ತು. ಮರುದಿನಾ ಎದ್ದು ಕುದರಿ ಹತ್ತತಾರ.”

ಸುಶೀಲವ್ವ ಬಿಡಾರಕ್ಕೆ ಬಂದವಳೇ ಗಂಡನಿಗೆ ಪಾಠ ಶುರುಮಾಡಿದಳು. “ಸಲಿಕಿ ಸುದ್ದಿ ತಗೀಬ್ಯಾಡ್ರಿ. ಸ್ವಂಟಾ ಹಿಡಿತೈತಿ ಅನ್ರಿ.”

“ನನ್ನ ಸ್ವಂಟಾ ಚಲೋ ಐತಲ್ಲ?”

“ಅದಕ್ಕ ನೀವಿನ್ನೂ ಹೊರಗಿನವರು!”

ಸೋಮವಾರ ಅದೇ ಚಾವಡಿ, ಅದೇ ಪ್ರಶ್ನೆ. ವೀರಪ್ಪ ಕೈಮುಗಿದು, “ಆವತ್ತ ನನಗ ಸ್ವಂಟಾ ಹಿಡಿತೈತ್ರಿ ಗೌಡ್ರ,” ಎಂದ.

ಅಂದಾನೆಪ್ಪನ ಮೀಸೆ ನಡುಗಿತು. “ಏ ಮಗನ! ಸ್ವಂಟಾ ನಮ್ಮ ಮನಿತನದ್ದು! ನಮ್ಮ ಮುತ್ತ್ಯಾನ ಕಾಲದಿಂದ ನಡಕೊಂಡು ಬಂದದ್ದು!”

“ತಪ್ಪಾತ್ರಿ. ಹಂಗಾರ ಹಲ್ಲು ನೂಸ್ತೈತ್ರಿ.”

“ಹಲ್ಲು ನಂದು!” ತೋಟಪ್ಪ ಎದ್ದೇ ನಿಂತ.

ಚಳಿಜ್ವರ ಮ್ಯಾಗಲ ಓಣಿಯವರದು, ಹೊಟ್ಟೆಶೂಲೆ ಶೆಟ್ಟರದು. ಹೊಸಬನಿಗೆ ಕೊಡಲು ಊರಲ್ಲಿ ಒಂದು ಬೇನೆಯೂ ಖಾಲಿ ಇರಲಿಲ್ಲ. ಹೊತ್ತು ಇಳಿಯುವ ತನಕ ಹಿರಿಯರು ವಾದಿಸಿದರು, ರುಮಾಲು ತೆಗೆದು ಬೆವರು ಒರೆಸಿಕೊಂಡರು. ಊರಿಗಾಗಿ ಅವರು ಬೆವರು ಸುರಿಸಿದ್ದನ್ನು ಅದೇ ಮೊದಲು ಜನ ಕಂಡದ್ದು. ಕಡೆಗೆ ಯಾರಿಗೋ ನೆನಪಾಯಿತು: ಮಕ್ಕಳಿಲ್ಲದೆ ಸತ್ತ ಮೈಲಾರಪ್ಪನ ಕಿವಿನೋವು ವಾರಸುದಾರರಿಲ್ಲದೆ ಬಿದ್ದಿದೆ.

“ಕಿವಿ ತಗೋ,” ಎಂದ ಗೌಡ.

“ಯಾವ ಕಿವಿರಿ?”

“ಎಡಾ. ಬಲಾ ಇರ್ಲಿ, ನಾಳೆ ನಿನ್ನ ಮಗಾ ಬ್ಯಾರೆ ಮನಿ ಮಾಡಿದಾಗ ಬೇಕಾಗ್ತೈತಿ.”

ವೀರಪ್ಪನಿಗೆ ವೀಳ್ಯ ಕೊಟ್ಟು ಊರವನೆಂದು ಸಾರಿದರು. ಮರುದಿನ ಅವನು ಕುಣಿ ತೋಡಿ ಮಗ್ಗ ಹೂಡಿದ. ಹೊಂಡದ ಹೂಳನ್ನು ಆ ವರ್ಷವೂ ಯಾರೂ ಎತ್ತಲಿಲ್ಲ.