ಸಿಪ್ಪೆ ಸಮೇತ

"ಸಿಪ್ಪಿ ಉಗುಳಬ್ಯಾಡ, ಸಿಪ್ಪ್ಯಾಗೇ ಇರೋದದು!" ಎಂದು ಮೋನಮ್ಮ ಮಗನ ತಟ್ಟೆಗೆ ಇನ್ನೊಂದು ಬೇಯಿಸಿದ ಆಲೂಗಡ್ಡೆ ಹಾಕಿದಳು.

ದೇವಿಂದ್ರ ತಲೆ ಬಗ್ಗಿಸಿ ನುಂಗಿದ. ಬೋನಾಳ ಕ್ರಾಸಿನ ಹತ್ತಿರ ಅವನ ಕ್ರೂಸರ್ ಜೀಪು ಪಲ್ಟಿ ಹೊಡೆದಾಗ ಒಳಗಿದ್ದ ಪ್ಯಾಸೆಂಜರುಗಳೆಲ್ಲ ಚೀರಿಕೊಂಡಿದ್ದರು. ದೇವರ ದಯೆ, ಯಾರ ಜೀವಕ್ಕೂ ಏನೂ ಆಗಲಿಲ್ಲ, ಇವನ ಕಾಲೊಂದು ಮುರಿಯಿತು. ಕಾಲೇನೋ ಕೂಡಿಕೊಂಡಿತು. ಗಾಡಿಯೂ ರಿಪೇರಿಯಾಗಿ ರಂಗಂಪೇಟೆಯ ಮನೆ ಮುಂದಿನ ಬೇವಿನ ಮರದಡಿ ಬಂದು ನಿಂತಿತು. ಚಾವಿ ಮಾತ್ರ ಮೋನಮ್ಮನ ಸೆರಗಿನ ಗಂಟಿನಲ್ಲಿತ್ತು.

ಅದೇ ಹೊತ್ತಿಗೆ ನರ್ಸ್ ಪಂಚಶೀಲಾ ಅಂಗನವಾಡಿಯಲ್ಲಿ ಆಲೂಗಡ್ಡೆಯ ಗುಣಗಾನ ಮಾಡಿದ್ದಳು. ಅದರಲ್ಲಿ ಆ್ಯಂಟಿ ಆಕ್ಸಿಡಂಟ್ ಎಂಬ ಸತ್ವ ಇದೆ, ಮೈಯನ್ನು ಕಾಯುತ್ತದೆ, ಸಿಪ್ಪೆಯಲ್ಲಿ ಇನ್ನೂ ಹೆಚ್ಚು, ತೊಳೆದು ಸಿಪ್ಪೆ ಸಮೇತ ಕುದಿಸಿ ಎಂದಿದ್ದಳು. ಹಿಂದೆ ಕೂತಿದ್ದ ಮೋನಮ್ಮನ ಕಿವಿಗೆ ಬಿದ್ದದ್ದು ಆ್ಯಕ್ಸಿಡೆಂಟ್ ಮತ್ತು ಕಾಯುತ್ತದೆ, ಇವೆರಡೇ. ಇನ್ನೇನು ಬೇಕು! ಬರುವಾಗಲೇ ಒಂದು ಚೀಲ ಆಲೂಗಡ್ಡೆ ತಂದಳು.

"ಇದು ಮೈಯಾಗ ಊರೋತನಕ ನೀ ಗಾಡಿ ಮುಟ್ಟಂಗಿಲ್ಲ. ಊರಿದ ಮ್ಯಾಲ ಚಾವಿ ನಾನೇ ಕೊಡ್ತೀನಿ."

ಸೊಸೆ ಪರಿಮಳಾ ನಗು ತಡೆಯಲಾರದೆ ತಪ್ಪು ತಿದ್ದಲು ಹೋದಳು. ದೇವಿಂದ್ರ ಅವಳನ್ನು ಪಕ್ಕಕ್ಕೆ ಎಳೆದ. "ಸುಮ್ಮಿರು. ಅಕಿ ನಂಬಿದ್ರ ಚಾವಿ ಸಿಗ್ತದ."

ಪರಿಮಳಾ ದಿನಾ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಇವನು ಕಟ್ಟೆಯ ಮೇಲೆ ಕೂತು, ಜೀಪ್ ಸ್ಟ್ಯಾಂಡಿನಲ್ಲಿ ಡ್ರೈವರುಗಳು ಸವಾರಿ ಕರೆಯುವ "ಶಾಪುರ, ಶಾಪುರ" ಎಂಬ ಕೂಗು ಕೇಳುತ್ತಿದ್ದ. ಹೆಂಡತಿ ದುಡಿದು ತರಬೇಕು, ತಾನು ಗೂಟಕ್ಕೆ ಕಟ್ಟಿದ ಎತ್ತಿನ ಹಾಗೆ ಮೇಯುತ್ತ ಬಿದ್ದಿರಬೇಕು. ಅವ್ವನ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಪಂಚಶೀಲಾ ಕಾಲು ನೋಡಲು ಬಂದಳು. ಮೋನಮ್ಮ ಕೈ ಮುಗಿದಳು.

"ನಿಮ್ಮ ಪುಣ್ಯಾರಿ ಬಾಯಾರ. ನೀವು ಹೇಳಿದ ಆ್ಯಂಟಿ ಆ್ಯಕ್ಸಿಡೆಂಟ ತಿನಸಾಕತ್ತೀನಿ. ಇನ್ನ ಗಾಡಿ ಪಲ್ಟಿ ಆಗಂಗಿಲ್ಲ ಅಲ್ರಿ?"

ಪಂಚಶೀಲಾ ನಕ್ಕೂ ನಕ್ಕೂ ಕಟ್ಟೆಯ ಮೇಲೆ ಕೂತೇಬಿಟ್ಟಳು. "ಅಯ್ಯ ಯವ್ವಾ, ಆ್ಯಕ್ಸಿಡೆಂಟ್ ಅಲ್ಲ, ಆಕ್ಸಿಡಂಟ್! ಮೈಯೊಳಗ ಕೆಡೋದನ್ನ ತಡೀತದ. ತಿಂದ್ರ ಛಲೋನೇ, ಖರೆ. ರಸ್ತಾದ ಮ್ಯಾಲ ಆಲೂಗಡ್ಡಿ ಏನ್ ಮಾಡೀತು?"

ಅವಳು ಹೋದ ಮೇಲೆ ಮೋನಮ್ಮ ಆಲೂಗಡ್ಡೆಯ ಬುಟ್ಟಿಯನ್ನು ಮೂಲೆಗೆ ತಳ್ಳಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು.

"ನಾ ಹುಚ್ಚಿ. ಸುಮ್ಮನ ನಿನ್ನ ಕಟ್ಟಿಹಾಕಿದ್ನಲ್ಲ. ತಗೋಪಾ. ನಿನ್ನ ಗಾಡಿ ನೀ ಹೊಡಿ."

ದೇವಿಂದ್ರ ಚಾವಿ ಕಸಿದುಕೊಂಡವನಂತೆ ಓಡಿದ. ಬಾಗಿಲು ತೆಗೆದು ಸೀಟಿನಲ್ಲಿ ಕೂತ, ಚಾವಿ ತೂರಿಸಿದ. ಕ್ಲಚ್ಚಿನ ಮೇಲೆ ಕಾಲಿಟ್ಟ. ಬೆನ್ನ ಹಿಂದಿನ ಖಾಲಿ ಸೀಟುಗಳಿಂದ ಆ ಚೀರಾಟ ಎದ್ದು ಬಂತು. ಚಾವಿ ತಿರುವಲು ಕೈ ಏಳಲಿಲ್ಲ. ಸ್ಟ್ಯಾಂಡಿನಲ್ಲಿ ಯಾರೋ "ಶಾಪುರ, ಶಾಪುರ" ಎಂದು ಕೂಗಿದರು. ಅವನು ಸ್ಟಿಯರಿಂಗ್ ಹಿಡಿದುಕೊಂಡು, ಬೆವರು ಆರುವವರೆಗೂ ಕೂತಿದ್ದ.

ಒಳಗೆ ಬಂದು ಚಾವಿಯನ್ನು ಅವ್ವನ ಮಡಿಲಲ್ಲಿಟ್ಟ.

"ಮೈಯಾಗ ಇನ್ನಾ ಊರಿಲ್ಲಬೇ ಅವ್ವ," ಎಂದ. "ನಾಳಿಗೂ ಒಂದೀಟು ಕುದಸು."

ಮೋನಮ್ಮ ಅವನ ಮುಖ ನೋಡಿದಳು. ನರ್ಸಿನ ಮಾತು ಎತ್ತಲಿಲ್ಲ. ಚಾವಿಯನ್ನು ಸೆರಗಿಗೆ ಕಟ್ಟಿ, ಬುಟ್ಟಿ ಎಳೆದುಕೊಂಡು, ಸಿಪ್ಪೆ ಕೀಳದ ಹಾಗೆ ಒಂದೊಂದೇ ಆಲೂಗಡ್ಡೆಯ ಮಣ್ಣು ತೊಳೆಯತೊಡಗಿದಳು.