ಅಗಿದ ಮಾತ್ರೆ

ಬಿಪಿ ಮಾತ್ರೆ ಬದಲಾದ ಮೇಲೆ, ಅದನ್ನು ತೆಗೆದುಕೊಂಡಾಗಲೆಲ್ಲ ಅಜ್ಜಿಗೆ ತಲೆ ಸುತ್ತುತ್ತಿತ್ತು. ಹೊಸ ಕಾಯಿಲೆಯೇನೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಅವಳನ್ನು ಔಷಧಿ ಅಂಗಡಿಗೆ ಕರೆದೊಯ್ದೆ, ಅಲ್ಲಿನ ಅಕ್ಕನಿಗೆ ಅಜ್ಜಿಯೇ ಎಲ್ಲ ಹೇಳಿದಳು.

"ಹೇಗೆ ತಗೋತೀರಜ್ಜಿ?" ಎಂದು ಅಕ್ಕ ಕೇಳಿದರು.

"ಚೆನ್ನಾಗಿ ಅಗಿದು. ಹಾಗೇ ನುಂಗಿದ್ರೆ ಮೈಗೆ ಹತ್ತುತ್ತಾ?"

"ಅಯ್ಯೋ, ಇದು ದಿನವಿಡೀ ನಿಧಾನಕ್ಕೆ ಕರಗೋ ಮಾತ್ರೆ. ಅಗಿದ್ರೆ ಎಲ್ಲಾ ಒಟ್ಟಿಗೇ ಇಳಿದು ತಲೆ ತಿರುಗ್ಸುತ್ತೆ. ಇಡಿಯಾಗಿ ನುಂಗಿ." ಅಕ್ಕ ಡಾಕ್ಟರಿಗೂ ಫೋನ್ ಮಾಡಿದರು, ಅವರೂ ಅದನ್ನೇ ಹೇಳಿದರು.

"ಇರೋ ನಾಲ್ಕು ಹಲ್ಲಿಗೂ ಕೆಲಸ ತಪ್ಪಿಸಿದ್ರಿ" ಎಂದು ಅಜ್ಜಿ ಗೊಣಗಿದಳು.

ವಾರದ ನಂತರವೂ ನಾನು ಅವಳ ತೋಳು ಹಿಡಿದೇ ನಡೆಸುತ್ತಿದ್ದೆ. "ಬಿಡೇ, ನಾನೇನು ಎಳೆಮಗುವಾ?" ಎಂದು ಕೊಸರಿಕೊಂಡು, ಮೆಟ್ಟಿಲಿಳಿದು, ಪಕ್ಕದ ಮನೆಗೆ ಹರಟೆಗೆ ಒಬ್ಬಳೇ ಹೊರಟೇಬಿಟ್ಟಳು. ನಾನು ಹೊಸ್ತಿಲಲ್ಲಿ ಕುಳಿತು ನಿರಾಳವಾಗಿ ನೋಡುತ್ತಿದ್ದೆ.